ಕಂಬಳಿ ಈಗ ಯಾರ ಮನೆಯಲ್ಲಿ

ಆಗ ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮುಖ ತೊಳೆಯುವುದಕ್ಕೂ ಮುಂಚೆ ಕೇಳುತ್ತಿದ್ದ ಮಾತು ಒಂದೇ: ‘ಕಂಬಳಿ ಈಗ ಯಾರ ಮನ್ಯಾಗೈತಿ?’ ಹಾಲು ಹಾಕುವವಳು ಹೇಳುತ್ತಿದ್ದಳು, ಇಲ್ಲವಾದರೆ ನೀರಿನ ನಲ್ಲಿಯ ಹತ್ತಿರ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಆ ಮನೆಗೆ ಒಬ್ಬರು ಗಂಜಿ ಕಳಿಸುವರು, ಒಬ್ಬರು ನಿಂಬೆ ಉಪ್ಪಿನಕಾಯಿ, ಇನ್ನೊಬ್ಬರು ಒಲೆಗೆ ಕಟ್ಟಿಗೆ. ಊರಿಗೆಲ್ಲ ಇದ್ದುದು ಒಂದೇ ಜ್ವರ, ಅದು ಒಂದು ಹೊತ್ತಿಗೆ ಒಬ್ಬರ ಮೈಯಲ್ಲಿ ಮಾತ್ರ ಇರುತ್ತಿತ್ತು. ಕೆಲವು ದಿನ ಕಾಡಿ, ಅವರು ಬೆವರಿ ಎದ್ದು ಕೂತಾಗ, ಅವರು ಹೊದ್ದಿದ್ದ ಕರಿ ಕಂಬಳಿಯನ್ನು ಮುಂದಿನ ಸರದಿಯವರು ಬಂದು ಒಯ್ದು ತಾವು ಹೊದ್ದುಕೊಳ್ಳಬೇಕು. ಜ್ವರ ಅದರ ಜೊತೆಗೆ ಹೋಗುತ್ತಿತ್ತು. ಯಾರೂ ಬಾರದಿದ್ದರೆ ತಿರುಗಿ ಅದೇ ಮೈಗೆ ಏರುತ್ತಿತ್ತು. ಬೆವರುವ ಮೊದಲೇ ಕಂಬಳಿ ಎಳೆದುಕೊಂಡರೂ ಬರುತ್ತಿತ್ತು, ಆದರೆ ಇಮ್ಮಡಿಯಾಗಿ. ಹಾಗಾಗಿ ಆ ಸಾಹಸಕ್ಕೆ ಯಾರೂ ಹೋಗುತ್ತಿರಲಿಲ್ಲ. ನಮ್ಮಲ್ಲಿ ಮರ್ಯಾದಸ್ಥ ಎಂದರೆ ತನ್ನ ಸರದಿ ಬಂದಾಗ ಬಾಗಿಲು ಹಾಕಿಕೊಳ್ಳದವನು. ಹೆಣ್ಣು ಕೇಳಲು ಬಂದವರನ್ನೂ ‘ನಿಮ್ಮ ಮನಿಯವರು ಕಂಬಳಿ ಹೊರತಾರೇನ್ರಿ?’ ಎಂದು ಮೊದಲು ವಿಚಾರಿಸುತ್ತಿದ್ದರು. ಪರೀಕ್ಷೆಗೆ ಕೂಡುವ ಮಕ್ಕಳ ಪಾಲಿನದನ್ನು ಸೋದರಮಾವಂದಿರು ಹೊರುತ್ತಿದ್ದರು. ಬಸುರಿ ಬಾಣಂತಿಯರಿಗೆ ಸರದಿಯೇ ಇರಲಿಲ್ಲ.

ನನ್ನ ಹೆಸರು ಪ್ರಮೀಳಾ. ಆ ಜ್ವರಕ್ಕೆಂದೇ ತೆರೆದಿದ್ದ ಸಂಶೋಧನಾ ಕೇಂದ್ರದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಕೇಂದ್ರವೆಂದರೆ ದೊಡ್ಡದೇನೂ ಅಲ್ಲ, ಮುಚ್ಚಿಹೋದ ಹತ್ತಿ ಗಿರಣಿಯ ಅರ್ಧಕ್ಕೆ ಸುಣ್ಣ ಹೊಡೆದು ಮೇಜು ಹಾಕಿದ್ದರು, ಅಷ್ಟೆ. ಎಷ್ಟು ಸ್ಪಿರಿಟ್ ಹಾಕಿ ಒರೆಸಿದರೂ ಹತ್ತಿಕಾಳಿನ ವಾಸನೆ ಹೋಗುತ್ತಿರಲಿಲ್ಲ. ಗಾಳಿ ಬಿಟ್ಟ ದಿನ ಛಾವಣಿಯಿಂದ ಹಳೆಯ ಅರಳೆ ಉದುರಿ ಸ್ಲೈಡಿನ ಮೇಲೆ ಕೂರುತ್ತಿತ್ತು. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಯಾವುದೋ ಹೊಸ ರೋಗಾಣು ಸಿಕ್ಕಿತೆಂದು ಹೌಹಾರಿದ ಹೊಸಬರೂ ಇದ್ದರು. ಹೊಸಬರು ಎಂದರೆ ನಾನೇ. ಹಿರಿಯ ಟೆಕ್ನಿಷಿಯನ್ ರಾಚಪ್ಪನವರು ಬಂದು ಬಗ್ಗಿ ನೋಡಿ, ನಗದೆ, ‘ಅದು ಹತ್ತಿ. ಅದಕ್ಕ ಔಷಧ ಬ್ಯಾಡ, ಊದಿದ್ರ ಸಾಕು,’ ಎಂದಿದ್ದರು. ನಗದೆ ಇದ್ದುದಕ್ಕೇ ನನಗೆ ಇನ್ನಷ್ಟು ಅವಮಾನವಾಗಿ ಆ ದಿನ ಊಟ ಸೇರಲಿಲ್ಲ.

ಕೆಲಸ ಕಲಿಸಿದವರು ಅವರೇ. ಬೆರಳು ಒರೆಸುವುದು, ಚುಚ್ಚುವುದು, ಹನಿಯನ್ನು ಗಾಜಿನ ಮೇಲೆ ಹಿಡಿದು ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಹರಡುವುದು. ‘ಅಂಜಿಕೊಂಡು ಎಳದ್ರ ದಪ್ಪ ಆಗತೈತಿ, ಅವಸರ ಮಾಡಿದ್ರ ಹರೀತೈತಿ. ದ್ವಾಸಿ ಹುಯ್ಯೂ ಕೈ ಇರಬೇಕು ನೋಡು,’ ಎನ್ನುತ್ತಿದ್ದರು. ಹರಡಿದ ರಕ್ತ ಒಣಗಿದ ಮೇಲೆ ನೀಲಿ ಬಣ್ಣ ಸುರಿದು, ತೊಳೆದು, ಎಣ್ಣೆಯ ಹನಿ ಬಿಟ್ಟು ನೋಡಿದರೆ ಆ ಜ್ವರ ಕಣ್ಣಿಗೆ ಕಾಣುತ್ತಿತ್ತು: ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಂತೆ ಅಲ್ಲಲ್ಲಿ ಚುಕ್ಕೆಗಳು. ಆ ನೀಲಿ ಬಣ್ಣ ಉಗುರಿನ ಸಂದಿಗೆ ಸೇರಿದರೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ನನ್ನನ್ನು ನೋಡಲು ಗಂಡಿನವರು ಬಂದಾಗ ನಮ್ಮವ್ವ ಉಪ್ಪಿಟ್ಟಿನ ತಟ್ಟೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಹೋಗು, ಬೆರಳು ತೋರಿಸಬೇಡ ಎಂದು ಬೇಡಿಕೊಂಡಿದ್ದಳು. ಗಂಡಿನವರು ಬೆರಳನ್ನೂ ನೋಡಿದರು, ಉಪ್ಪಿಟ್ಟನ್ನೂ ತಿಂದರು, ಮತ್ತೆ ಬರಲಿಲ್ಲ. ನನಗೆ ಅದರ ದುಃಖವೇನೂ ಇಲ್ಲ.

ಈಗ ಆ ಜ್ವರದ ಮುಖ್ಯ ಸಂಗತಿಗೆ ಬರುತ್ತೇನೆ. ಅದು ನೆತ್ತಿಗೇರುತ್ತಿದ್ದುದು ಮಧ್ಯಾಹ್ನ, ಊರು ಉಂಡು ಅಡ್ಡಾಗುವ ಹೊತ್ತಿಗೆ. ಆಗ ಮಲಗಿದವರು ಬಡಬಡಿಸುತ್ತಿದ್ದರು. ಆದರೆ ತಮ್ಮ ಮಾತನ್ನಲ್ಲ. ಆ ಜ್ವರ ಯಾರ ಯಾರ ಮೈಯಲ್ಲಿ ಇದ್ದು ಬಂದಿತ್ತೋ, ಅವರು ತಮ್ಮ ಜ್ವರದಲ್ಲಿ ಆಡಿದ ಮಾತುಗಳೆಲ್ಲ ಇವರ ಬಾಯಿಂದ ಒಂದೊಂದಾಗಿ ಬರುತ್ತಿದ್ದವು. ದನಿ ಇವರದು, ಮಾತಿನ ಧಾಟಿ ಅವರದು. ಬದುಕಿದ್ದವರ ಮಾತಿಗೆ ಊರು ನಗುತ್ತಿತ್ತು, ಸತ್ತವರ ಮಾತಿಗೆ ಸುಮ್ಮನಾಗುತ್ತಿತ್ತು. ದೊಡ್ಡ ಮಾತೇನೂ ಅಲ್ಲ ಅವು. ಒಂದು ಮಾತು, ‘ಕರಿ ಕೋಳಿ ಇನ್ನೂ ಒಳಗ ಬಂದಿಲ್ಲಲೇ,’ ಎಂದು ಬರುತ್ತಿತ್ತು. ಅದು ಪೈಲವಾನ ದ್ಯಾಮಣ್ಣನ ಸತ್ತುಹೋದ ತಾಯಿ ನಿಂಗವ್ವನದು. ಒಂದು ಹದಿಮೂರರ ಮಗ್ಗಿ ಬರುತ್ತಿತ್ತು, ನಡುವೆ ತಪ್ಪುತ್ತಿತ್ತು. ಅದು ನಮ್ಮ ಶಾಲೆಯ ತೀರಿಹೋದ ಮಾಸ್ತರರದು. ಬದುಕಿದ್ದಾಗ ಅವರು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಹೀಗಾಗಿ ಮಧ್ಯಾಹ್ನ ಕಂಬಳಿ ಇರುವ ಮನೆಯ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಇಬ್ಬರೋ ಮೂವರೋ ಕೂತೇ ಇರುತ್ತಿದ್ದರು, ತಮ್ಮವರ ಮಾತು ಬರಲೆಂದು. ಜ್ವರ ಹೊತ್ತವರಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಎದ್ದು ಕೂತು, ‘ನಾ ಏನಂದೆ?’ ಎಂದು ಉಳಿದವರನ್ನು ಕೇಳುತ್ತಿದ್ದರು.

ರಕ್ತ ತೆಗೆಯಬೇಕಾದ್ದೂ ಅದೇ ಹೊತ್ತಿಗೆ, ಚುಕ್ಕೆಗಳು ಜಾಸ್ತಿ ಇರುತ್ತಿದ್ದುದು ಆಗಲೇ. ನಾನೂ ರಾಚಪ್ಪನವರೂ ಎರಡು ಸೈಕಲ್ಲುಗಳ ಮೇಲೆ ಹೋಗುತ್ತಿದ್ದೆವು, ಐಸಿನ ಡಬ್ಬಿ ನನ್ನ ಕ್ಯಾರಿಯರಿನಲ್ಲಿ. ಲ್ಯಾಬಿನಲ್ಲಿ ಅವರ ಕೈ ಎಷ್ಟು ಚುರುಕೋ ರೋಗಿಯ ಪಕ್ಕದಲ್ಲಿ ಅಷ್ಟೇ ನಿಧಾನ. ಬೆರಳು ಒರೆಸಿದ್ದೇ ಒರೆಸಿದ್ದು. ಸೂಜಿಯನ್ನು ಬೆಳಕಿಗೆ ಹಿಡಿದು ನೋಡುವರು, ಮತ್ತೆ ಇಡುವರು. ‘ಸರ, ಐಸ್ ಕರಗತೈತ್ರಿ,’ ಎಂದು ನಾನು ಗೊಣಗುತ್ತಿದ್ದೆ. ನನ್ನ ಸ್ವಭಾವವೇ ಹಾಗೆ, ಕಾಯುವುದೆಂದರೆ ಮೈಯೆಲ್ಲ ಉರಿ. ಅವರು, ‘ತಡಿ ಪ್ರಮೀ, ಇನ್ನೂ ಏರಲಿ,’ ಎನ್ನುತ್ತಿದ್ದರು. ಜ್ವರ ಏರಲಿ ಎಂದು ಅವರು ಕಾಯುತ್ತಿಲ್ಲ ಎಂದು ತಿಳಿಯಲು ನನಗೆ ಒಂದು ಬೇಸಿಗೆ ಹಿಡಿಯಿತು. ರೋಗಿ ಎಷ್ಟೋ ಮಾತು ಆಡಿದ ಮೇಲೆ, ‘ಹಾಲು ಉಕ್ಕತೈತಿ, ಒಲಿ ಸಣ್ಣ ಮಾಡ್ರಿ,’ ಎನ್ನುತ್ತಿದ್ದ. ಆಗ ರಾಚಪ್ಪನವರು ತಲೆ ತಗ್ಗಿಸಿ ತಟ್ಟನೆ ಸೂಜಿ ಚುಚ್ಚಿ ಹನಿ ತೆಗೆದು ಏಳುತ್ತಿದ್ದರು.

ಆ ಮಾತು ಅವರ ಹೆಂಡತಿ ಕಾಶವ್ವನದು. ಒಲೆಯ ಮೇಲೆ ಹಾಲಿಟ್ಟು ಹಿತ್ತಲಿನಾಕೆಯ ಜೊತೆ ಮಾತಿಗೆ ನಿಂತುಬಿಡುವ ಹೆಂಗಸಂತೆ. ಉಕ್ಕುವ ವಾಸನೆ ಬಂದಾಗ ಅಲ್ಲಿಂದಲೇ ಗಂಡನಿಗೆ ಕೂಗುವುದು, ಗಂಡ ಪುಸ್ತಕದಿಂದ ತಲೆ ಎತ್ತದೆ ಇರುವುದು, ಹಾಲು ಒಲೆಯ ಪಾಲಾಗುವುದು. ಮದುವೆಯಾದಾಗಿನಿಂದ ಇದೇ ಜಗಳ. ಅವಳ ಸರದಿಗೆ ಕಂಬಳಿ ಬಂದಾಗ ಜ್ವರ ಯಾಕೋ ಇಳಿಯಲಿಲ್ಲ. ರಾಚಪ್ಪನವರು ತಾವೇ ಅವಳ ಬೆರಳು ಚುಚ್ಚಿ, ಚುಕ್ಕೆ ಎಷ್ಟಿವೆ ನೋಡಿ ಬರುತ್ತೇನೆಂದು ಲ್ಯಾಬಿಗೆ ಓಡಿದ್ದರು. ಅವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯುವುದರೊಳಗೆ ಮನೆಯಲ್ಲಿ ಎಲ್ಲ ಮುಗಿದಿತ್ತು. ಕಂಬಳಿ ಪೈಲವಾನ ದ್ಯಾಮಣ್ಣನ ಮನೆಗೆ ಹೋಯಿತು. ತಿಥಿ ಮುಗಿಸಿ ಕೆಲಸಕ್ಕೆ ಬಂದ ದಿನ ರಾಚಪ್ಪನವರು ರಕ್ತಕ್ಕೆಂದು ಅವನ ಮಂಚದ ಪಕ್ಕ ಕೂತರೆ, ಆ ಗಿರಿಜಾ ಮೀಸೆಯ ಆಳು ಕಣ್ಣು ಮುಚ್ಚಿಕೊಂಡು, ಹೆಂಗಸರ ರಾಗದಲ್ಲಿ, ‘ಹಾಲು ಉಕ್ಕತೈತಿ, ಒಲಿ ಸಣ್ಣ ಮಾಡ್ರಿ,’ ಎಂದನಂತೆ. ಹೆಂಡತಿಯ ಕಡೆಯ ಮಾತು ಏನೆಂದು ಅವರಿಗೆ ತಿಳಿದದ್ದು ಹಾಗೆ.

ಅಂದಿನಿಂದ ಅವರು ಒಂದು ದಿನವೂ ರಜೆ ಹಾಕಲಿಲ್ಲ, ಕಂಬಳಿಯನ್ನೂ ಹೊರಲಿಲ್ಲ. ಅವರ ಎದೆ ದುರ್ಬಲವಾಗಿತ್ತು, ಡಾಕ್ಟರು ಬೇಡವೆಂದಿದ್ದರು, ಊರೂ ಅವರ ಸರದಿ ಮಾಫಿ ಮಾಡಿತ್ತು. ಆದರೂ ಹಿಂದೆ ಆಡಿಕೊಳ್ಳುವವರು ಇದ್ದೇ ಇದ್ದರು. ನನಗೆ ಒಮ್ಮೆ ಅವರೇ ಹೇಳಿದರು: ‘ಎದಿ ಮಾತು ಬಿಡು. ಹೊತ್ತವರಿಗೆ ಕೇಳಂಗಿಲ್ಲಲ್ಲ ಪ್ರಮೀ. ಅಷ್ಟು ದಿನ ಅಕೀ ಮಾತಾಡೋದು ನಂಗೊಬ್ಬಂಗ ಕೇಳಂಗಿಲ್ಲ.’ ಆಮೇಲೆ ನಾನು ಐಸಿನ ಮಾತೆತ್ತಲಿಲ್ಲ.

ಡಾಕ್ಟರೆಂದರೆ ಫಿಲೋಮಿನಾ ಮೇಡಂ. ಸಮುದ್ರದ ಕಡೆಯವರು, ಮಾತಿಗೊಮ್ಮೆ ‘ಮಾರಾಯ್ರೇ’ ಎನ್ನುತ್ತಿದ್ದರು. ಬಹಳ ಒಳ್ಳೆಯವರು. ಈ ಜ್ವರಕ್ಕೆ ಮದ್ದು ಕಂಡುಹಿಡಿದೇ ಊರು ಬಿಡುವುದೆಂದು ಹಟ ಹಿಡಿದು ಬಂದಿದ್ದರು, ಕಾಶವ್ವ ಹೋದ ಮೇಲೆ ಆ ಹಟ ಇಮ್ಮಡಿಯಾಗಿತ್ತು. ಮೊದಮೊದಲು ಮೊಲಗಳ ಮೇಲೆ ಪ್ರಯತ್ನ ಮಾಡಿದರು. ಆದರೆ ಜ್ವರ ಮೊಲಕ್ಕೆ ಹೋಗಲೊಲ್ಲದು. ಊರಿನವರನ್ನು ಕಾಡಿಬೇಡಿ ಒಂದು ಮಧ್ಯಾಹ್ನಕ್ಕೆ ಕಂಬಳಿ ತರಿಸಿ ಮೊಲಕ್ಕೆ ಹೊದಿಸಿದರೆ, ಅದು ಕಂಬಳಿಯ ಅಂಚು ತಿಂದು ಹಾಕಿತು. ದ್ಯಾಮಣ್ಣ, ‘ಇದಕ್ಕ ಏರೂದು ಜ್ವರ ಅಲ್ರಿ, ಹಸಿವು,’ ಎಂದ. ಆಮೇಲೆ ಗಾಜಿನ ಕೊಳವೆಯಲ್ಲೇ ಮದ್ದನ್ನು ರಕ್ತಕ್ಕೆ ಬೆರೆಸಿ ನೋಡುವುದು ಶುರುವಾಯಿತು. ಒಂದು ಮದ್ದು ಆಗದಿದ್ದರೆ ಇನ್ನೊಂದು, ಅದೂ ಅಲ್ಲದಿದ್ದರೆ ಮತ್ತೊಂದು. ಒಂದೊಂದಕ್ಕೂ ಕೊಳವೆ ತೊಳೆದು, ಕುದಿಸಿ, ಒಣಗಿಸಿ, ಬಣ್ಣ ಹಾಕಿ, ನೋಡಿ, ಇಲ್ಲ ಎಂದು ಹೇಳುವುದು ನಮ್ಮ ಕೆಲಸ. ಹೊರಗಿನವರಿಗೆ ಇದು ಬೇಸರದ ಕೆಲಸ ಅನ್ನಿಸಬಹುದು. ನನಗೆ ಈಗಲೂ ಕನಸಿನಲ್ಲಿ ಬರುವುದು ಆ ಕೊಳವೆಗಳು ಕುದಿಯುವಾಗ ಒಂದಕ್ಕೊಂದು ತಾಗಿ ಆಗುತ್ತಿದ್ದ ಸಣ್ಣ ಸದ್ದು, ಕಿಟಕಿಯಲ್ಲಿ ಒಣಗುತ್ತಿದ್ದ ಸ್ಲೈಡುಗಳು, ಸ್ಪಿರಿಟ್ ದೀಪದ ಮೇಲೆ ಕದ್ದು ಕಾಯಿಸಿಕೊಂಡ ಚಹಾ.

ಒಂದು ದಿನ ರಾಚಪ್ಪನವರು ಮೈಕ್ರೋಸ್ಕೋಪಿನಿಂದ ಏಳಲೇ ಇಲ್ಲ. ಸ್ಲೈಡನ್ನು ಆಚೆ ಈಚೆ ಸರಿಸಿ ಬಹಳ ಹೊತ್ತು ನೋಡಿದರು. ಎಣ್ಣೆ ಒರೆಸಿ, ಹೊಸ ಹನಿ ಬಿಟ್ಟು, ಮತ್ತೆ ನೋಡಿದರು. ಆಮೇಲೆ ಎದ್ದು, ‘ಸತ್ತಾವು. ಎಲ್ಲಾನೂ ಸತ್ತಾವು. ಡಾಕ್ಟರ್ ಬಾಯಾರನ್ನ ಕರಿ,’ ಎಂದು ಹೇಳಿ, ಹಿತ್ತಲಿಗೆ ಹೋಗಿ ಕೈ ತೊಳೆಯುತ್ತ ನಿಂತರು. ಅಷ್ಟು ಹೊತ್ತು ತೊಳೆದರೆ ಹೋಗುವ ಬಣ್ಣ ಅದಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಫಿಲೋಮಿನಾ ಮೇಡಂ ಗಿರಣಿಯ ಅಂಗಳದಲ್ಲಿ ಊರನ್ನು ಸೇರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜ್ವರ ಹೊತ್ತವರಲ್ಲಿ ಯಾರಾದರೂ ಒಬ್ಬರು ಒಪ್ಪಿ ಈ ಮದ್ದು ಚುಚ್ಚಿಸಿಕೊಂಡರೆ ಜ್ವರ ಅಲ್ಲಿಗೇ ಮುಗಿಯುತ್ತದೆ, ಮುಂದೆ ಯಾರೂ ಸಾಯುವುದಿಲ್ಲ. ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದರೇನೋ, ಪಾಪ. ಬದಲಿಗೆ ಟೇಲರ್ ಕೆಲಸ ಮಾಡುವ ಹುಸೇನಬಿ ಎದ್ದು ನಿಂತು ಕೇಳಿದಳು: ‘ಜ್ವರ ಹೋದ್ರ ಅದರೊಳಗಿನ ಮಂದಿ ಎಲ್ಲಿಗೆ ಹೋಗಬೇಕ್ರಿ?’

‘ನನಗೆ ಗೊತ್ತಿಲ್ಲ ಮಾರಾಯ್ತಿ,’ ಎಂದರು ಮೇಡಂ. ‘ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳಲಿಕ್ಕೆ ನನಗೆ ಬರುವುದಿಲ್ಲ. ನಾನು ಒತ್ತಾಯ ಮಾಡುವುದಿಲ್ಲ.’

ಒತ್ತಾಯ ಮಾಡಲಿಲ್ಲ, ಯಾರೂ ಒಪ್ಪಲೂ ಇಲ್ಲ. ಹೊತ್ತವರೆಲ್ಲ, ‘ನಂದು ಹೆಂಗೂ ಇಳೀತು, ಮುಂದಿನವರಿಗೆ ಕೊಡ್ರಿ,’ ಎನ್ನುವರು. ಮುಂದಿನವರದೂ ಅದೇ ರಾಗ. ಊರನ್ನೆಲ್ಲ ಮೂಕ ಮಾಡಿದವನು ಎಂಬ ಹೆಸರು ಯಾರಿಗೂ ಬೇಡವಾಗಿತ್ತು. ಮದ್ದು ಐಸಿನ ಪೆಟ್ಟಿಗೆಯಲ್ಲೇ ಇತ್ತು. ರಾಚಪ್ಪನವರು ದಿನಾ ಬೆಳಿಗ್ಗೆ ಅದಕ್ಕೆ ಹೊಸ ಐಸು ಹಾಕುತ್ತಿದ್ದರು. ತಮ್ಮ ಹೆಂಡತಿಯ ಮಾತನ್ನು ಅಳಿಸುವ ಮದ್ದು ಕೆಡದ ಹಾಗೆ ಕಾಯುವ ಕೆಲಸ. ನಾನಾಗಿದ್ದರೆ ಒಂದು ದಿನ ಮರೆತ ಹಾಗೆ ಮಾಡಿ ಬಿಸಿಲಿಗೆ ಇಟ್ಟುಬಿಡುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ.

ಹೀಗಿರುವಾಗ ಕಂಬಳಿ ಹುಸೇನಬಿಯ ಮನೆಗೆ ಬಂತು. ಅವಳು ನರಳಿ, ಬೆವರಿ, ಎದ್ದಳು. ಮುಂದಿನ ಸರದಿ ದ್ಯಾಮಣ್ಣನದು, ಸಂಜೆ ಬಂದು ಒಯ್ಯುವವನಿದ್ದ. ಬೆವರಿನ ಕಂಬಳಿಯನ್ನು ಹಾಗೇ ಕೊಡುವುದು ಚೆನ್ನಾಗಿರುವುದಿಲ್ಲ ಎಂದು ಎಲ್ಲರೂ ಮಾಡುವಂತೆ ಅವಳೂ ಅದನ್ನು ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹಾಕಿ ಒಳಗೆ ಅಡ್ಡಾದಳು. ಅವಳ ಸೊಸೆ ಮೆಹರು ಏಳು ತಿಂಗಳು ತುಂಬಿದ ಬಸುರಿ, ಬೇರೆ ಊರಿನ ಹುಡುಗಿ, ನಮ್ಮೂರ ರೀತಿ ಇನ್ನೂ ರೂಢಿಯಾಗಿರಲಿಲ್ಲ. ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಬಿಸಿಲು ಇದ್ದ ಹಾಗೇ ನಾಲ್ಕು ದಪ್ಪ ಹನಿ ಬಿದ್ದವು. ಮೆಹರು ಒಗೆದ ಬಟ್ಟೆ ಎತ್ತಲು ಅಂಗಳಕ್ಕೆ ಓಡಿದಳು, ಹನಿ ಜೋರಾಯಿತು, ಕೈಗೆ ಸಿಕ್ಕ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡಳು. ಮಳೆಗೆ ಕಂಬಳಿ ಹೊದೆಯದವರು ಯಾರಿದ್ದಾರೆ? ಅವಳು ಒಳಗೆ ಬಂದು ಬಟ್ಟೆ ಮಡಚಿಡುವಷ್ಟರಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು.

ಮರುದಿನ ಮಧ್ಯಾಹ್ನ ನಾವು ಹೋದಾಗ ಪಡಸಾಲೆಯಲ್ಲಿ ಶೇಂಗಾ ತಿನ್ನುವವರು ಯಾರೂ ಇರಲಿಲ್ಲ. ಓಣಿಯವರೆಲ್ಲ ಅಂಗಳದಲ್ಲಿ ನಿಂತಿದ್ದರು. ಮೇಡಂ ಮೆಹರುವಿನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದರು. ಮದ್ದು ಕೊಡಿ ಎಂದು ಹುಸೇನಬಿ ಅವರ ಕಾಲು ಹಿಡಿದಳು. ಮೇಡಂ ಅವಳನ್ನು ಎಬ್ಬಿಸಿ, ‘ಬಸುರಿಗೆ ಕೊಡಲಿಕ್ಕೆ ಆಗುವುದಿಲ್ಲ ಹುಸೇನಬಿ. ಮಗು ಉಳಿಯುತ್ತದೆ ಅಂತ ಹೇಳಲಾರೆ. ಹೀಗೇ ಬಿಟ್ಟರೆ ಇಬ್ಬರೂ ಉಳಿಯುತ್ತಾರೆ ಅಂತಲೂ ಹೇಳಲಾರೆ,’ ಎಂದರು.

ಉಳಿದದ್ದು ಒಂದೇ ದಾರಿ. ಬೆವರುವ ಮೊದಲೇ ಯಾರಾದರೂ ಕಂಬಳಿ ಎಳೆದುಕೊಳ್ಳಬೇಕು. ಆದರೆ ಇಮ್ಮಡಿ ಜ್ವರವನ್ನು ಮದ್ದಿಲ್ಲದೆ ತಾಳುವುದು ಸಾಧ್ಯವಿಲ್ಲ. ಎಳೆದುಕೊಂಡವರೇ ಮದ್ದನ್ನೂ ಚುಚ್ಚಿಸಿಕೊಳ್ಳಬೇಕು, ಜ್ವರಕ್ಕೆ ಅವರೇ ಕೊನೆ. ದ್ಯಾಮಣ್ಣ ಮುಂದೆ ಬಂದ. ‘ಸರದಿ ನಂದು, ನಾ ಎಳಕೋತೀನಿ. ಸತ್ರೂ ಚಿಂತಿಲ್ಲ. ಆದ್ರ ಔಷಧ ಮಾತ್ರ ತಗೊಳ್ಳಂಗಿಲ್ಲ. ನಮ್ಮವ್ವ ಅದಾಳ ಅದರಾಗ,’ ಎಂದ. ಅಷ್ಟು ದೊಡ್ಡ ಆಳು ಹುಡುಗನ ಹಾಗೆ ಮೂಗು ಒರೆಸಿಕೊಂಡ. ಅವನನ್ನು ಯಾರೂ ಬೈಯಲಿಲ್ಲ. ಬೈಯುವ ಬಾಯಿ ಯಾರಿಗೆ ಇತ್ತು?

ಇದೆಲ್ಲ ನಡೆಯುವಾಗ ರಾಚಪ್ಪನವರು ತಮ್ಮ ಕೆಲಸ ಮಾಡುತ್ತಿದ್ದರು. ಮೆಹರುವಿನ ಬೆರಳು ಚುಚ್ಚಿ, ಹನಿ ತೆಗೆದು, ಸ್ಲೈಡಿನ ಮೇಲೆ ಎಳೆದು, ಬೀಸಿ ಒಣಗಿಸುತ್ತಿದ್ದರು. ಈ ಸಲ ಅವರು ಏನನ್ನೂ ಕಾಯಲಿಲ್ಲ. ಆದರೆ ಹುಡುಗಿ ಬಡಬಡಿಸತೊಡಗಿದಳು. ಕನ್ನಡವೇ ಸರಿಯಾಗಿ ಬಾರದವಳು ಮಗ್ಗಿ ಹೇಳಿದಳು, ಕೋಳಿ ಕರೆದಳು. ಆಮೇಲೆ ಹಣೆ ಗಂಟಿಕ್ಕಿ, ‘ಹಾಲು ಉಕ್ಕತೈತಿ, ಒಲಿ ಸಣ್ಣ ಮಾಡ್ರಿ,’ ಎಂದಳು. ರಾಚಪ್ಪನವರ ಬೀಸುತ್ತಿದ್ದ ಕೈ ನಿಂತಿತು. ಕೈಯಲ್ಲಿದ್ದ ಸ್ಲೈಡನ್ನು ನೋಡಿದರು, ಅವಳನ್ನು ನೋಡಿದರು. ಸ್ಲೈಡನ್ನು ನನ್ನ ಕೈಗೆ ಕೊಟ್ಟರು.

‘ನಾ ಲ್ಯಾಬಿಗೆ ಹೋಗಂಗಿಲ್ಲ ಪ್ರಮೀ,’ ಎಂದರು. ‘ಈ ಸಲ ಇಲ್ಲೇ ಇರ್ತೀನಿ.’

ಅವರು ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯುವುದರೊಳಗೆ ಅವಳ ಮೈಮೇಲಿನ ಕಂಬಳಿಯನ್ನು ಎರಡೂ ಕೈಯಿಂದ ಎಳೆದು ತಮ್ಮ ಹೆಗಲಿಗೆ ಹಾಕಿಕೊಂಡಿದ್ದರು. ಮೇಡಂ, ‘ನಿಮ್ಮ ಹಾರ್ಟು, ರಾಚಪ್ಪನವರೇ,’ ಎಂದು ಎದ್ದು ನಿಂತರು. ಅವರು, ‘ಲಗೂನ ಚುಚ್ಚರಿ ಬಾಯಾರ. ಔಷಧ ಪೆಟ್ಟಿಗ್ಯಾಗೈತಿ, ಇವತ್ತು ಮುಂಜಾನಿ ಐಸ್ ಹಾಕೀನಿ,’ ಎಂದರು. ಮೆಹರು ಆಗಲೇ ಕಣ್ಣು ಬಿಟ್ಟು ನೀರು ಕೇಳುತ್ತಿದ್ದಳು.

ಪಡಸಾಲೆಯಲ್ಲಿ ಹಗ್ಗದ ಮಂಚ ಹಾಕಿ ಅವರನ್ನು ಮಲಗಿಸಿದೆವು. ಮೇಡಂ ಜೊತೆಗೆ ತಂದಿದ್ದ ಐಸಿನ ಪೆಟ್ಟಿಗೆಯಿಂದ ಮದ್ದು ತೆಗೆದು ಚುಚ್ಚಿ, ನಾಡಿ ಹಿಡಿದು ಕೂತರು. ಹಲ್ಲು ಕಚ್ಚಿಕೊಂಡೇ ರಾಚಪ್ಪನವರು ನನ್ನನ್ನು ಹತ್ತಿರ ಕರೆದರು. ‘ನಂಗ ಕೇಳಂಗಿಲ್ಲ. ನೀ ಕುಂತು ಕೇಳು. ಆಮ್ಯಾಲ ಹೇಳೀಯಂತ. ಎದ್ದು ಎಲ್ಲೂ ಹೋಗಬ್ಯಾಡ.’ ನಾನು ಹೋಗಲಿಲ್ಲ. ಅವರು ಕೊಟ್ಟಿದ್ದ ಸ್ಲೈಡು ಅಲ್ಲೇ ಕಿಟಕಿಯಲ್ಲಿ ಬಿದ್ದಿತ್ತು.

ಸುದ್ದಿ ಓಣಿಓಣಿಗೂ ಹಬ್ಬಿ, ಕೂತು ಏಳಲಾರದ ಮುದುಕಿಯರನ್ನೂ ಹೊತ್ತುಕೊಂಡು ಬಂದರು. ಜ್ವರ ಇಮ್ಮಡಿಯಾಗಿದ್ದುದರಿಂದಲೋ, ಹೋಗುವ ಹೊತ್ತಾದುದರಿಂದಲೋ, ಅದರೊಳಗೆ ಇದ್ದವರೆಲ್ಲ ಆ ಮಧ್ಯಾಹ್ನ ಒಬ್ಬರ ಹಿಂದೊಬ್ಬರು ಮಾತಾಡಿದರು. ನಾವು ಮರೆತೇಬಿಟ್ಟಿದ್ದವರೂ ಮಾತಾಡಿದರು. ‘ಕರಿ ಕೋಳಿ ಇನ್ನೂ ಒಳಗ ಬಂದಿಲ್ಲಲೇ,’ ಎಂದಾಗ ದ್ಯಾಮಣ್ಣ ಮಂಚದ ಕಾಲಿನ ಹತ್ತಿರ ಕೂತು, ‘ಬಂದೈತಿ ಬೇ, ಬಂದೈತಿ,’ ಎಂದ. ಮಾಸ್ತರರ ಮಗ್ಗಿ ತಪ್ಪಿದ ಕಡೆ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಮೆಲ್ಲಗೆ ಸರಿಯಾದದ್ದನ್ನು ಹೇಳಿಕೊಟ್ಟರು. ತಮ್ಮವರ ಮಾತು ಮುಗಿದವರು ಎದ್ದು ಬೇರೆಯವರಿಗೆ ಜಾಗ ಬಿಡುತ್ತಿದ್ದರು. ಬಿಸಿಲು ಪಡಸಾಲೆಯ ಕಂಬ ದಾಟಿ ಹೋಗುವ ಹೊತ್ತಿಗೆ ನಾಲ್ಕೈದು ಜನ ಉಳಿದಿದ್ದೆವು. ಆಗ ಕಾಶವ್ವನ ಮಾತು ಬಂತು, ಎಂದಿನ ಹಾಗೇ. ನಾನು ಒಂದೊಂದು ಅಕ್ಷರವನ್ನೂ ಕಿವಿಗೊಟ್ಟು ಕೇಳಿದೆ. ಎಲ್ಲ ಮುಗಿಯಿತು ಎಂದುಕೊಂಡಾಗ ಆ ಬಾಯಿಂದ ಇನ್ನೊಂದು ಮಾತು ಬಂತು, ಊರಿನಲ್ಲಿ ಯಾರೂ ಹಿಂದೆ ಕೇಳಿರದ ಮಾತು. ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅತ್ತುಬಿಟ್ಟೆ. ಅದರ ಹಿಂದೆಯೇ ರಾಚಪ್ಪನವರ ಹಣೆಯ ಮೇಲೆ ಬೆವರು ಒಡೆಯಿತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಮರುದಿನ ಅವರ ರಕ್ತದ ಸ್ಲೈಡನ್ನು ನಾನೇ ನೋಡಿದೆ. ಕಣ್ಣು ನೋಯುವವರೆಗೂ ಹುಡುಕಿದೆ, ಒಂದು ಸಾಸಿವೆಯೂ ಸಿಗಲಿಲ್ಲ. ಒಂದಾದರೂ ಸಿಗಲಿ ಎಂದು ಮನಸ್ಸು ಬೇಡುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮೆಹರುವಿಗೆ ದಿನ ತುಂಬಿ ಹೆಣ್ಣು ಹುಟ್ಟಿತು. ಆ ಕೂಸು ಅದೇ ಕಂಬಳಿಯ ಮೇಲೆ ಬೋರಲು ಬಿದ್ದು, ತೆವಳಿ, ದೊಡ್ಡದಾಯಿತು. ಕಂಬಳಿ ಯಾರಿಗೂ ಏನೂ ಮಾಡಲಿಲ್ಲ. ಕೇಂದ್ರಕ್ಕೆ ಕೆಲಸ ಉಳಿಯದೆ ಮುಚ್ಚಿದರು, ಫಿಲೋಮಿನಾ ಮೇಡಂ ತಮ್ಮ ಕಡೆಗೆ ಹೋದರು. ರಾಚಪ್ಪನವರು ಮುಂದೆ ಬಹಳ ವರ್ಷ ಬದುಕಿದ್ದು ನಿದ್ದೆಯಲ್ಲಿ ತೀರಿಕೊಂಡರು. ಈಗ ನಮ್ಮೂರಿನಲ್ಲಿ ಎಲ್ಲ ಊರಿನಂತೆ ಅವರವರಿಗೆ ಅವರವರ ಜ್ವರ, ಅವರವರ ಗುಳಿಗೆ. ಪಕ್ಕದ ಮನೆಯವರು ಮಲಗಿದ್ದು ಎದ್ದು ಓಡಾಡಿದ ಮೇಲೆ ಗೊತ್ತಾಗುತ್ತದೆ. ಯಾರೂ ಸಾಯುತ್ತಿಲ್ಲ, ಅದು ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೂ ಬೆಳಿಗ್ಗೆ ಎದ್ದಾಗ ಬಾಯಿಗೆ ಆ ಪ್ರಶ್ನೆ ಬಂದುಬಿಡುತ್ತದೆ, ನುಂಗಿಕೊಳ್ಳುತ್ತೇನೆ. ಉಗುರಿನ ನೀಲಿ ಎಂದೋ ಹೋಯಿತು. ಅದು ಹೋದದ್ದು ಯಾವಾಗ ಎಂದು ನನಗೆ ತಿಳಿಯಲೇ ಇಲ್ಲ.

ನಾನು ಹೇಳಬೇಕೆಂದಿದ್ದು ಆ ಸಂಜೆಯ ಮಾತು. ರಾಚಪ್ಪನವರು ಕಣ್ಣು ಬಿಟ್ಟಾಗ ಹುಸೇನಬಿ ದೀಪ ಹಚ್ಚುತ್ತಿದ್ದಳು. ಒದ್ದೆಯಾದ ಅಂಗಿಯಲ್ಲಿ ಮೆಲ್ಲಗೆ ಎದ್ದು ಗೋಡೆಗೆ ಒರಗಿ ಕೂತರು. ಒಂದು ಗುಟುಕು ಗಂಜಿ ಕುಡಿದು ಲೋಟ ಕೆಳಗಿಟ್ಟರು. ನನ್ನ ಕಡೆ ನೋಡಲು ಅವರಿಗೆ ಹೆದರಿಕೆಯಾಗುತ್ತಿತ್ತು, ನನಗದು ಕಾಣುತ್ತಿತ್ತು.

‘ಬಂತಾ?’ ಎಂದರು.

‘ಬಂತ್ರಿ ಸರ. ಹಾಲು ಉಕ್ಕತೈತಿ, ಒಲಿ ಸಣ್ಣ ಮಾಡ್ರಿ ಅಂದ್ರು.’

‘ಅಷ್ಟ?’

‘ಅವರು ಅಂದಿದ್ದು ಅಷ್ಟ. ಆಮ್ಯಾಲ ನೀವು ಉತ್ತರ ಕೊಟ್ರಿ.’

ಅವರು ಈಗ ನನ್ನನ್ನು ನೋಡಿದರು. ‘ನಾನಾ?’

‘ಹೌದ್ರಿ. ಸಣ್ಣ ಮಾಡೀನಿ ಕಾಶಿ, ನೀ ಮಲ್ಕೋ, ಅಂದ್ರಿ.’

ಅವರು ತಮ್ಮ ಉಗುರುಗಳನ್ನು ನೋಡಿಕೊಂಡರು. ಒಳಗೆ ಮೆಹರು ಅತ್ತೆಯ ಜೊತೆ ಏನೋ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ರಾಚಪ್ಪನವರು ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡು ಕೇಳಿದರು:

‘ಅದಕ್ಕ ಅಕಿ ಏನಂದ್ಲು?’

‘ಮತ್ತ ಮಾತಾಡಲಿಲ್ರಿ.’

ರಾಚಪ್ಪನವರು ತಲೆಯಾಡಿಸಿದರು. ಕಂಬಳಿಯನ್ನು ಮೆಲ್ಲಗೆ ಮಡಚಿ, ಮಡಿಕೆ ಸರಿಮಾಡಿ, ಪಕ್ಕಕ್ಕಿಟ್ಟರು.

‘ಮಲ್ಕೊಂಡಿರಬೇಕು,’ ಎಂದರು.